ದೇಹದ ಜಮಾ-ಖರ್ಚಿನ ತಪಾಸಣೆ: ಸ್ಥೂಲಕಾಯ ಸಂಶೋಧನೆಯಿಂದ ವರ್ತಕರು ತಿಳಿಯಬೇಕಾದುದು

ಕರ್ನಾಟಕದಲ್ಲಿ 15ರಿಂದ 49 ವರ್ಷ ವಯೋಮಾನದ ಮಹಿಳೆಯರಲ್ಲಿ ಶೇ. 30.1 ಹಾಗೂ ಪುರುಷರಲ್ಲಿ ಶೇ. 30.9ರಷ್ಟು ಮಂದಿ ಅಧಿಕ ತೂಕ ಅಥವಾ ಸ್ಥೂಲಕಾಯ ಉಳ್ಳವರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ದಾಖಲಿಸಿದೆ. ಹತ್ತು ಜನರಲ್ಲಿ ಮೂವರು ಎಂಬ ಈ ಲೆಕ್ಕವು ಬೆಂಗಳೂರಿನಂತಹ ಮಹಾನಗರಕ್ಕೆ ಮಾತ್ರ ಸೀಮಿತವಾದುದಲ್ಲ. ಭೀಮಾ ತೀರದ ಅಗರಖೇಡದಿಂದ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಪೇಟೆಗಳವರೆಗೆ, ಜೋಳದ ರೊಟ್ಟಿ ಉಂಡು ಹೊಲದಲ್ಲಿ ದುಡಿದ ಹಿರಿಯರ ಮಕ್ಕಳು ಇಂದು ಅದೇ ರೊಟ್ಟಿಯನ್ನುಂಡು ಅಂಗಡಿಯ ಗಾದಿಯ ಮೇಲೆ ಹತ್ತು ಹನ್ನೆರಡು ತಾಸು ಕುಳಿತಿರುತ್ತಾರೆ. ಜಮಾ ಬದಿ ಹಾಗೆಯೇ ಉಳಿದು ಖರ್ಚಿನ ಬದಿ ಕುಗ್ಗಿದರೆ ಶಿಲ್ಕು ಬೆಳೆಯಲೇಬೇಕು. ದೇಹದಲ್ಲಿ ಆ ಶಿಲ್ಕಿನ ಹೆಸರು ಕೊಬ್ಬು.

ಆದರೆ ಈ ಖಾತೆಯ ಅಂಕಿಗಳನ್ನು ಬರೆದವರಾರು? ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಶಕ್ತಿಯನ್ನು ವ್ಯಯಿಸುತ್ತಾನೆಂಬುದನ್ನು ಅಳೆದವರಾರು? ಈ ಪ್ರಶ್ನೆಗೆ ಉತ್ತರ ನೀಡುವ ಪ್ರಯೋಗಾಲಯಗಳು ಜಗತ್ತಿನಲ್ಲಿ ಕೆಲವೇ ಇದ್ದು, ಅವುಗಳಲ್ಲಿ ಮಹತ್ವದ ಒಂದು ನಮ್ಮ ರಾಜ್ಯದಲ್ಲಿಯೇ ಇದೆ.

ಅಳತೆಯ ಕೋಣೆ

1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಅಟ್‌ವಾಟರ್ ಎಂಬ ರಸಾಯನ ಶಾಸ್ತ್ರಜ್ಞರು ಭೌತ ವಿಜ್ಞಾನಿ ಎಡ್ವರ್ಡ್ ರೋಸಾ ಅವರೊಡಗೂಡಿ ಮನುಷ್ಯನು ದಿನಗಟ್ಟಲೆ ವಾಸಿಸಬಹುದಾದ ಒಂದು ಮುಚ್ಚಿದ ಕೋಣೆಯನ್ನು ನಿರ್ಮಿಸಿದರು. ಒಳಗಿದ್ದವನ ದೇಹದಿಂದ ಹೊರಟ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೀರಿಕೊಳ್ಳುತ್ತಿತ್ತು. ಉಸಿರಾಟದ ಗಾಳಿ, ಸೇವಿಸಿದ ಆಹಾರ, ವಿಸರ್ಜಿಸಿದ ಮಲಮೂತ್ರ ಎಲ್ಲವೂ ಅಳತೆಗೆ ಒಳಪಡುತ್ತಿದ್ದವು. ಒಳಬಂದ ಶಕ್ತಿಗೂ ಹೊರಹೋದ ಶಕ್ತಿಗೂ ತಾಳೆ ಬೀಳುತ್ತದೆ ಎಂಬುದು ಈ ಪ್ರಯೋಗಗಳಿಂದ ಸಿದ್ಧವಾಯಿತು. ಒಂದು ಗ್ರಾಂ ಸಸಾರಜನಕಕ್ಕೆ 4, ಶರ್ಕರಪಿಷ್ಟಕ್ಕೆ 4, ಕೊಬ್ಬಿಗೆ 9 ಕಿಲೋಕ್ಯಾಲರಿ ಎಂದು ಇಂದಿಗೂ ಬಳಕೆಯಲ್ಲಿರುವ ಗುಣಕಗಳು ಅಟ್‌ವಾಟರ್ ಅವರ ಸಂಶೋಧನೆಯ ಫಲ.

ಇಂದಿನ ಕ್ಯಾಲರಿಮಾಪಕ ಕೋಣೆಗಳಲ್ಲಿ ಶಾಖಕ್ಕೆ ಬದಲಾಗಿ, ಬಳಕೆಯಾದ ಆಮ್ಲಜನಕ ಮತ್ತು ಹೊರಬಿದ್ದ ಇಂಗಾಲದ ಡೈಆಕ್ಸೈಡ್‌ನ ಪ್ರಮಾಣವನ್ನು ಅಳೆದು ಶಕ್ತಿವ್ಯಯವನ್ನು ಲೆಕ್ಕ ಹಾಕಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಬೆಥೆಸ್ಡಾದಲ್ಲಿ ಇಂತಹ ಕೋಣೆಗಳುಳ್ಳ ವಿಶೇಷ ಘಟಕವನ್ನು 2007ರಲ್ಲಿ ಆರಂಭಿಸಿತು.

ಕೋಣೆಯೊಳಗಿನ ಮನುಷ್ಯ ಅಂಗಡಿಗೂ ಹೋಗಲಾರ, ಹೊಲಕ್ಕೂ ಹೋಗಲಾರ. ಈ ಕೊರತೆಯನ್ನು ನೀಗಿಸಿದ್ದು 'ಗುರುತು ಮಾಡಿದ ನೀರಿನ' ವಿಧಾನ. ಭಾರವಾದ ಜಲಜನಕ ಮತ್ತು ಭಾರವಾದ ಆಮ್ಲಜನಕದ ಪರಮಾಣುಗಳುಳ್ಳ ಅಪಾಯರಹಿತ ನೀರನ್ನು ಕುಡಿಸಲಾಗುತ್ತದೆ. ಜಲಜನಕವು ನೀರಿನ ರೂಪದಲ್ಲಿ ಮಾತ್ರ ದೇಹದಿಂದ ಹೊರಹೋದರೆ, ಆಮ್ಲಜನಕವು ನೀರು ಹಾಗೂ ಇಂಗಾಲದ ಡೈಆಕ್ಸೈಡ್ ಎರಡರ ರೂಪದಲ್ಲಿಯೂ ಹೋಗುತ್ತದೆ. ಎರಡರ ವ್ಯತ್ಯಾಸವನ್ನು ಮೂತ್ರದ ಮಾದರಿಗಳಿಂದ ತಿಳಿದು ಒಂದೆರಡು ವಾರಗಳ ಒಟ್ಟು ಶಕ್ತಿವ್ಯಯವನ್ನು ನಿರ್ಧರಿಸುತ್ತಾರೆ. ಮನುಷ್ಯರಲ್ಲಿ ಇದರ ಬಳಕೆ 1982ರಲ್ಲಿ ವರದಿಯಾಯಿತು.

ಬೆಂಗಳೂರಿನ ಕೊಡುಗೆ

1963ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದಲ್ಲಿ ಡಾ. ಪ್ರಕಾಶ್ ಶೆಟ್ಟಿ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಿಂದ ಭಾರತೀಯರ ಶಕ್ತಿವ್ಯಯವನ್ನು ಅಳೆಯತೊಡಗಿದರು. ಅವರ ಆರಂಭದ ಕಾಳಜಿ ಸ್ಥೂಲಕಾಯವಲ್ಲ, ಹಸಿವು. ದೀರ್ಘಕಾಲ ಅರೆಹೊಟ್ಟೆಯಲ್ಲಿ ದುಡಿಯುವವನ ದೇಹ ಹೇಗೆ ನಿಭಾಯಿಸುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ರಾತ್ರಿಯ ಉಪವಾಸದ ನಂತರ ಬೆಳಗಿನ ಹೊತ್ತು, ಎಚ್ಚರವಾಗಿ ನಿಶ್ಚಲವಾಗಿ ಮಲಗಿರುವವನ ಉಸಿರನ್ನು ಅಳೆದು ಮೂಲ ಚಯಾಪಚಯ ದರವನ್ನು ಕಂಡುಕೊಳ್ಳುವುದು ಈ ಕಾರ್ಯದ ತಳಹದಿ. ಡಾ. ಶೆಟ್ಟಿಯವರು ಮುಂದೆ ರೋಮ್‌ನ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಪೌಷ್ಟಿಕಾಂಶ ಯೋಜನಾ ವಿಭಾಗದ ಮುಖ್ಯಸ್ಥರಾದರು.

ಡಾ. ಅನುರಾ ಕುರ್ಪಾಡ್ ಅವರೂ ಸೇರಿದ್ದ ತಂಡವು ಅಲ್ಪಪೋಷಿತ ಭಾರತೀಯ ಪುರುಷರ ಶಕ್ತಿವ್ಯಯವನ್ನು ಗುರುತು ಮಾಡಿದ ನೀರಿನಿಂದ ಅಳೆದು 2000ರಲ್ಲಿ ಪ್ರಕಟಿಸಿತು. 2004ರಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯು ರೂಪುಗೊಂಡಿತು. ದೇಹದಲ್ಲಿ ಸಹಜವಾಗಿಯೇ ಇರುವ ಪೊಟ್ಯಾಸಿಯಂನ ಮಂದ ವಿಕಿರಣವನ್ನು ಎಣಿಸಿ ಸ್ನಾಯು ಮುಂತಾದ ಜೀವಕೋಶ ರಾಶಿಯನ್ನು ಅಂದಾಜು ಮಾಡುವ ಉಪಕರಣವೂ ಅಲ್ಲಿ ಅಭಿವೃದ್ಧಿಗೊಂಡಿತು.

ಇದರಿಂದ ಸಾಮಾನ್ಯರಿಗೆ ಆದ ಪ್ರಯೋಜನವೇನು? ಪಾಶ್ಚಾತ್ಯರನ್ನು ಅಳೆದು ರಚಿಸಿದ ಸೂತ್ರಗಳು ಭಾರತೀಯರ ಮೂಲ ಚಯಾಪಚಯ ದರವನ್ನು ಹೆಚ್ಚಾಗಿ ತೋರಿಸುತ್ತವೆ ಎಂಬುದು ನಮ್ಮವರ ಅಳತೆಗಳಿಂದ ಸ್ಪಷ್ಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಈ ದರವನ್ನು ಶೇ. 5ರಷ್ಟು ಕಡಿಮೆ ಎಂದು ಪರಿಗಣಿಸಿದರು. ಕುಳಿತು ಕೆಲಸ ಮಾಡುವ ಪುರುಷನಿಗೆ ಮಂಡಳಿಯು 2010ರಲ್ಲಿ 60 ಕಿಲೋ ತೂಕಕ್ಕೆ ದಿನಕ್ಕೆ 2,320 ಕಿಲೋಕ್ಯಾಲರಿ ಸೂಚಿಸಿದ್ದರೆ, 2020ರಲ್ಲಿ 65 ಕಿಲೋ ತೂಕಕ್ಕೆ 2,110 ಎಂದು ನಿಗದಿಪಡಿಸಿತು. ಆಧಾರ ತೂಕ ಏರಿದರೂ ಅಗತ್ಯ ಇಳಿದಿರುವುದು ಗಮನಾರ್ಹ. ಅದೇ 2020ರ ಪಟ್ಟಿಯಂತೆ ಶ್ರಮದ ದುಡಿಮೆಗಾರನಿಗೆ ಬೇಕಾದುದು 3,470. ಗಾದಿಗೂ ಹೊಲಕ್ಕೂ ಇರುವ ಅಂತರ ದಿನವೊಂದಕ್ಕೆ 1,360 ಕಿಲೋಕ್ಯಾಲರಿ.

ಹೇಳಿಕೆ ಬೇರೆ, ತಪಾಸಣೆ ಬೇರೆ

ದಾಸ್ತಾನನ್ನು ಕಣ್ಣಾರೆ ಎಣಿಸದೆ ಮಾಲೀಕರ ಹೇಳಿಕೆಯನ್ನೇ ನಂಬಿದರೆ ಅಢಾವೆ ಪತ್ರಿಕೆ ಏನಾಗುವುದೆಂದು ವ್ಯಾಪಾರಸ್ಥರಿಗೆ ತಿಳಿಯದುದೇನಲ್ಲ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯದೆಂದು ಹೇಳುತ್ತಿದ್ದ ಹತ್ತು ಮಂದಿಯನ್ನು ಈ ವಿಧಾನಗಳಿಂದ ಪರೀಕ್ಷಿಸಲಾಯಿತು. ಅವರ ಚಯಾಪಚಯದಲ್ಲಿ ದೋಷವಿರಲಿಲ್ಲ. ಅವರು ಸೇವಿಸಿದ ಆಹಾರವನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ತಿಳಿಸಿದ್ದರು. ಇದನ್ನು ಅಪ್ರಾಮಾಣಿಕತೆ ಎನ್ನಲಾಗದು. ಗಿರಾಕಿಯೊಡನೆ ಕುಡಿದ ಸಕ್ಕರೆ ಚಹಾ, ತಕ್ಕಡಿಯ ಪಕ್ಕದ ಶೇಂಗಾ, ಸಂಜೆಯ ಮಿರ್ಚಿ-ಮಂಡಕ್ಕಿ ಯಾರ ನೆನಪಿನ ಕೀರ್ದಿಯಲ್ಲಿಯೂ ಜಮೆಯಾಗುವುದಿಲ್ಲ.

ಹಾಗೆಂದು ಸ್ಥೂಲಕಾಯವನ್ನು ಕೇವಲ ನಾಲಿಗೆಯ ಚಪಲವೆಂದು ದೂರುವುದೂ ಸರಿಯಲ್ಲ. 2019ರಲ್ಲಿ ಬೆಥೆಸ್ಡಾ ಘಟಕದಲ್ಲಿ ಕೆವಿನ್ ಹಾಲ್ ಅವರ ತಂಡವು ಇಪ್ಪತ್ತು ಜನರಿಗೆ ಎರಡು ವಾರ ಅತಿ ಸಂಸ್ಕರಿತ ಆಹಾರವನ್ನೂ, ಎರಡು ವಾರ ಕನಿಷ್ಠ ಸಂಸ್ಕರಿತ ಆಹಾರವನ್ನೂ ಬೇಕಾದಷ್ಟು ಉಣ್ಣಲು ನೀಡಿತು. ಬಡಿಸಿದ ಆಹಾರದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರಿನಂಶಗಳು ಸಮನಾಗಿದ್ದರೂ ಅತಿ ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ಸೇವಿಸಿದರು.

ತೂಕ ಇಳಿಸಿದ ನಂತರದ ಕಥೆ ಇನ್ನೂ ಕಠಿಣ. ದೂರದರ್ಶನದ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕಿಲೋ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಂತೆ, ಅವರು ಸರಾಸರಿ 41 ಕಿಲೋ ಮತ್ತೆ ಗಳಿಸಿದ್ದರು. ಅವರ ದೇಹಗಳ ವಿಶ್ರಾಂತ ಶಕ್ತಿವ್ಯಯ ನಿರೀಕ್ಷಿತ ಮಟ್ಟಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಕಡಿಮೆಯೇ ಇತ್ತು. ಆದಾಯ ಕಡಿತಗೊಂಡ ಕುಟುಂಬದಂತೆ ದೇಹವೂ ವೆಚ್ಚವನ್ನು ಬಿಗಿಹಿಡಿಯುತ್ತದೆ.

ಹೊಸ ಚುಚ್ಚುಮದ್ದುಗಳು ಹಸಿವನ್ನೇ ತಗ್ಗಿಸಿ ಈ ಕಟ್ಟನ್ನು ಭೇದಿಸಲು ಯತ್ನಿಸುತ್ತವೆ. 2021ರ ಪ್ರಯೋಗದಲ್ಲಿ ಸೆಮಾಗ್ಲುಟೈಡ್ 68 ವಾರಗಳಲ್ಲಿ ತೂಕವನ್ನು ಸರಾಸರಿ ಶೇ. 14.9ರಷ್ಟು ಇಳಿಸಿತು. ಔಷಧವನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದುದರ ಮೂರನೇ ಎರಡು ಭಾಗ ಮರಳಿತು. ತೂಕ ಇಳಿಸಲೆಂದೇ ಈ ಔಷಧವು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿದೆ. ವೈದ್ಯರ ಸಲಹೆಯಿಲ್ಲದೆ ಕೊಳ್ಳುವ ಸರಕು ಇದಲ್ಲ.

ತಯಾರಕರು ಗಮನಿಸಬೇಕಾದುದು

ಆಹಾರ ಪದಾರ್ಥಗಳನ್ನು ಪ್ಯಾಕೆಟ್ ಮಾಡಿ ಮಾರುವ ಸಣ್ಣ ಉದ್ದಿಮೆದಾರರಿಗೆ ಈ ವಿಷಯವು ನೇರವಾಗಿ ಸಂಬಂಧಿಸಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯು ಪ್ಯಾಕೆಟ್ ಮೇಲೆ ಶಕ್ತಿ, ಸಸಾರಜನಕ, ಶರ್ಕರಪಿಷ್ಟ, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಕೊಬ್ಬು, ಸೋಡಿಯಂ ಮುಂತಾದವುಗಳ ಪ್ರಮಾಣವನ್ನು ಕೇಳುತ್ತದೆ. ಒಂದು ಬಡಿಕೆಯ ಪಾಲನ್ನು ದಿನಕ್ಕೆ 2,000 ಕಿಲೋಕ್ಯಾಲರಿಯ ಆಧಾರದ ಮೇಲೆ ತೋರಿಸಬೇಕು.

2018ರ ಜಾಹೀರಾತು ಮತ್ತು ಪ್ರತಿಪಾದನೆಗಳ ನಿಯಮಾವಳಿಯ ಪ್ರಕಾರ ಘನ ಆಹಾರವನ್ನು 'ಕಡಿಮೆ ಕ್ಯಾಲರಿ' ಎಂದು ಕರೆಯಬೇಕಾದರೆ 100 ಗ್ರಾಂಗೆ 40 ಕಿಲೋಕ್ಯಾಲರಿ ಮೀರಬಾರದು. ನಮ್ಮ ಭಾಗದ ಕಡಕ್ ರೊಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, 2 ಗ್ರಾಂ ಕೊಬ್ಬು, 68 ಗ್ರಾಂ ಶರ್ಕರಪಿಷ್ಟವಿರುತ್ತದೆ. ಅಟ್‌ವಾಟರ್ ಗುಣಕಗಳಂತೆ 40, 18 ಮತ್ತು 272 ಸೇರಿ 330 ಕಿಲೋಕ್ಯಾಲರಿ. ಒಣಗಿಸಿದ ರೊಟ್ಟಿಯಲ್ಲಿ ತೇವಾಂಶ ಕಡಿಮೆಯಿರುವುದರಿಂದ ಈ ಅಂಕಿ ಇಳಿಯುವ ಮಾತಿಲ್ಲ. ಜೋಳದ ನಾರಿನಂಶ ಉತ್ತಮ ಗುಣ. ಅದನ್ನು ಪರೀಕ್ಷಾ ವರದಿಯ ಆಧಾರದ ಮೇಲೆ ಹೇಳಿಕೊಳ್ಳಬಹುದು. 'ಕಡಿಮೆ ಕ್ಯಾಲರಿ', 'ತೂಕ ಇಳಿಸುವ ರೊಟ್ಟಿ' ಎಂದು ಮುದ್ರಿಸಿದರೆ ಒಳ್ಳೆಯ ಸರಕಿಗೆ ಸುಳ್ಳು ಚೀಟಿ ಅಂಟಿಸಿದಂತಾಗುತ್ತದೆ ಮತ್ತು ದಂಡಕ್ಕೆ ದಾರಿಯಾಗುತ್ತದೆ.

ದೇಣಿಗೆ ಮತ್ತು ತೆರಿಗೆ

ಇಂತಹ ಸಂಶೋಧನೆಗೆ ವ್ಯಾಪಾರಸ್ಥರ ಹಣವೂ ನೆರವಾಗಿದೆ. ಅಮೆರಿಕದ ಲೂಯಿಸಿಯಾನಾದಲ್ಲಿ ತೈಲೋದ್ಯಮಿ ಸಿ. ಬಿ. ಪೆನ್ನಿಂಗ್ಟನ್ ಅವರು 1980ರಲ್ಲಿ ನೀಡಿದ 12.5 ಕೋಟಿ ಡಾಲರ್ ದೇಣಿಗೆಯಿಂದ ತಲೆಯೆತ್ತಿದ ಕೇಂದ್ರವು ಇಂದು ಸ್ಥೂಲಕಾಯ ಸಂಶೋಧನೆಯಲ್ಲಿ ಅಗ್ರಗಣ್ಯವಾಗಿದೆ. ನಮ್ಮಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 35(1)(ii)ರ ಅಡಿಯಲ್ಲಿ, ಅನುಮೋದಿತ ವೈಜ್ಞಾನಿಕ ಸಂಶೋಧನಾ ಸಂಸ್ಥೆಗಳಿಗೆ ನೀಡಿದ ಹಣಕ್ಕೆ 2017ರ ಮಾರ್ಚ್‌ವರೆಗೆ ಶೇ. 175, 2020ರ ಮಾರ್ಚ್‌ವರೆಗೆ ಶೇ. 150 ಕಡಿತ ದೊರೆಯುತ್ತಿತ್ತು. ಆನಂತರ ಅದು ಶೇ. 100ಕ್ಕೆ ಇಳಿಯಿತು. ರಿಯಾಯಿತಿ ದರದ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ಕಡಿತ ದೊರೆಯುವುದಿಲ್ಲ. ದೇಣಿಗೆ ನೀಡುವ ಮುನ್ನ ಸಂಸ್ಥೆಯ ಅನುಮೋದನೆಯನ್ನು ಪರಿಶೀಲಿಸುವುದು ಅಗತ್ಯ.

ಅಳತೆಯಿಲ್ಲದ ವ್ಯಾಪಾರವನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ಅದೇ ನಿಷ್ಠುರತೆಯನ್ನು ತನ್ನ ದೇಹದ ಲೆಕ್ಕಕ್ಕೂ, ತಾನು ಮಾರುವ ಪ್ಯಾಕೆಟ್ಟಿನ ಮೇಲಿನ ಅಂಕಿಗೂ, ತೂಕ ಇಳಿಸುವ ಪುಡಿ ಮಾರಲು ಅಂಗಡಿಗೆ ಬರುವ ಏಜೆಂಟನ ಮಾತಿಗೂ ಅನ್ವಯಿಸುವುದು ವಿವೇಕ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕೆಂದು ಭಾರತೀಯ ತಜ್ಞರು 2009ರಲ್ಲಿ ಸೂಚಿಸಿದ್ದಾರೆ. ಬಟ್ಟೆ ಅಂಗಡಿಯ ಟೇಪಿನಿಂದಲೇ ಈ ಮೊದಲ ತಪಾಸಣೆಯನ್ನು ಆರಂಭಿಸಬಹುದು.