ಹಡಗಿನಲ್ಲಿ ಕಿಟಕಿಯ ಕೋಣೆ ಸಿಕ್ಕೀತೇ?

ಹಡಗಿನ ವಿಹಾರ ಎಂದರೆ ಸಿನಿಮಾದವರಿಗೆ, ಸಾಹುಕಾರರಿಗೆ ಮಾತ್ರ ಎನ್ನುವ ಕಾಲ ಹೋಯಿತು. ಸಿಂಗಪುರದಲ್ಲಿರುವ ಮಗ, "ಅಮ್ಮಾ, ಈ ಸಲ ನೀನೂ ಅಪ್ಪನೂ ಬನ್ನಿ, ನಾಲ್ಕು ರಾತ್ರಿ ಹಡಗಿನಲ್ಲಿ ಹೋಗಿ ಬರೋಣ" ಎಂದು ಕರೆಯುತ್ತಾನೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಂಪತಿಗಳು ಚೀಟಿ ಹಣ ಎತ್ತಿ ಟಿಕೆಟ್ ಮಾಡಿಸುತ್ತಾರೆ. 2021ರಲ್ಲಿ ಕಾರ್ಡೆಲಿಯಾ ಕಂಪೆನಿಯ 'ಎಂಪ್ರೆಸ್' ಹಡಗು ಮುಂಬಯಿಯಿಂದ ವಿಹಾರ ಹೊರಡಲು ಶುರುವಾದ ಮೇಲೆ ಪಾಸ್‌ಪೋರ್ಟ್ ಇಲ್ಲದವರೂ ಗೋವಾ ಕಡೆಗೆ ಸಮುದ್ರದ ಮೇಲೆ ಹೋಗಿ ಬಂದರು. ನಮ್ಮ ಮಂಗಳೂರಿನವರಿಗಂತೂ ಪಣಂಬೂರಿನ ಬಂದರಿಗೆ ಬರುವ ಬಿಳಿ ಹಡಗುಗಳು ಹೊಸತೇನಲ್ಲ.

ಟಿಕೆಟ್ ಮಾಡಿಸುವಾಗ ಗೃಹಿಣಿಯ ಕಣ್ಣು ಮೊದಲು ಹೋಗುವುದು ಅತಿ ಕಡಿಮೆ ದರದ ಕೋಣೆಯ ಕಡೆಗೆ. ಆಗ ಪಕ್ಕದಲ್ಲಿ ಯಾರಾದರೂ ಒಬ್ಬರು ಹೇಳುತ್ತಾರೆ: "ಅಗ್ಗದ್ದೇ ತಗೊಳ್ರೀ. ಹಡಗು ಖಾಲಿ ಇದ್ರೆ ಅವರೇ ಕರೆದು ಬಾಲ್ಕನಿ ಕೋಣೆ ಕೊಡ್ತಾರಂತೆ!" ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವುದು ನಮ್ಮೆಲ್ಲರ ಗುಣ ತಾನೇ? ಆದರೆ ಈ ಮಾತು ಎಷ್ಟು ನಿಜ? ಬನ್ನಿ, ವಿಚಾರಿಸೋಣ.

ಮೊದಲು ಕೋಣೆಗಳ ಪರಿಚಯ

ಹಡಗಿನ ಕೋಣೆಗೆ ಕ್ಯಾಬಿನ್ ಎನ್ನುತ್ತಾರೆ. ಮುಖ್ಯವಾಗಿ ನಾಲ್ಕು ಬಗೆ. ಹಡಗಿನ ಒಳಭಾಗದಲ್ಲಿ, ಕಿಟಕಿಯೇ ಇಲ್ಲದ್ದು ಇನ್‌ಸೈಡ್. ಗಾಜಿನ ಕಿಟಕಿಯಿಂದ ಸಮುದ್ರ ಕಾಣುವಂಥದ್ದು ಓಷನ್ ವ್ಯೂ. ಹೊರಗೆ ಕುರ್ಚಿ ಹಾಕಿಕೊಂಡು ಗಾಳಿಗೆ ಕೂರಬಹುದಾದದ್ದು ಬಾಲ್ಕನಿ. ಎಲ್ಲಕ್ಕಿಂತ ದೊಡ್ಡದು ಸೂಟ್. ಅದನ್ನು 'ಸ್ವೀಟ್' ಎಂದು ಉಚ್ಚರಿಸುತ್ತಾರೆ, ತಿನ್ನುವ ಸ್ವೀಟ್ ಅಲ್ಲ! ಕೆಳಗಿನ ದರ್ಜೆಯಿಂದ ಮೇಲಿನದಕ್ಕೆ ಬಡ್ತಿ ಸಿಗುವುದಕ್ಕೇ ಅಪ್‌ಗ್ರೇಡ್ ಎಂದು ಹೆಸರು.

ಕೋಣೆ ಯಾವುದೇ ಆದರೂ ಹೆಚ್ಚಿನ ಹಡಗುಗಳಲ್ಲಿ ಮುಖ್ಯ ಊಟದ ಹಾಲ್, ನಾಟಕಶಾಲೆ, ಈಜುಕೊಳ ಎಲ್ಲರಿಗೂ ಒಂದೇ. ಸೂಟಿನವರಿಗೆ ಕೆಲವು ವಿಶೇಷ ಸೌಕರ್ಯ ಇರಬಹುದು, ಅಷ್ಟೆ. ಇನ್‌ಸೈಡ್ ಕೋಣೆಯವರೆಂದು ಯಾರೂ ನಿಮ್ಮ ಎಲೆಗೆ ಪಾಯಸ ಕಡಿಮೆ ಬಡಿಸುವುದಿಲ್ಲ.

ಖಾಲಿ ಇದ್ದರೆ ಬಿಟ್ಟಿ ಯಾಕಿಲ್ಲ?

ನಮ್ಮೂರ ಬಸ್ಸಿನಲ್ಲಿ ಜನ ಇಲ್ಲದಿದ್ದರೆ ಕಂಡಕ್ಟರ್, "ಹಿಂದ್ಯಾಕಮ್ಮಾ ಕೂತಿದ್ದೀರಿ, ಮುಂದೆ ಬನ್ನಿ" ಅನ್ನುತ್ತಾನೆ. ಹಡಗಿನವರು ಹಾಗೆ ಅನ್ನುವುದಿಲ್ಲ. ಅವರದು ಬೇರೆ ಲೆಕ್ಕ.

ಕೋಣೆಗೆ ಇಬ್ಬರಂತೆ ತುಂಬಿದರೆ ಹಡಗು ನೂರಕ್ಕೆ ನೂರು ತುಂಬಿತು ಎಂದು ಈ ವ್ಯವಹಾರದವರು ಎಣಿಸುತ್ತಾರೆ. ಮೂರನೆಯ, ನಾಲ್ಕನೆಯ ಹಾಸಿಗೆಗೆ ಮಕ್ಕಳು ಬಂದರೆ ಲೆಕ್ಕ ನೂರನ್ನೂ ದಾಟುತ್ತದೆ. ಬಂದವರು ಪಾನೀಯ, ಅಂಗಡಿ, ಜೂಜುಖಾನೆ, ದಡದ ಪ್ರವಾಸ ಎಂದು ಖರ್ಚು ಮಾಡುವುದರಲ್ಲೂ ಕಂಪೆನಿಗೆ ಲಾಭವಿದೆ. ಆದ್ದರಿಂದ ಖಾಲಿ ಹೊರಡುವುದಕ್ಕಿಂತ ದರ ಇಳಿಸಿಯಾದರೂ ಜನ ತುಂಬಿಸಲು ನೋಡುತ್ತಾರೆ.

ಹೆಚ್ಚು ಗಿರಾಕಿ ಇರುವುದು ಅಗ್ಗದ ಕೋಣೆಗಳಿಗೆ. ಅವು ಮುಗಿದುಹೋಗಿ, ಬಾಲ್ಕನಿ ಕೋಣೆಗಳು ಉಳಿದಿವೆ ಅನ್ನಿ. ಆಗ ನಿಮ್ಮನ್ನು ಮೇಲಕ್ಕೆ ಏರಿಸಿದರೆ ನಿಮ್ಮ ಅಗ್ಗದ ಕೋಣೆ ತೆರವಾಗುತ್ತದೆ. ಅದನ್ನು ಇನ್ನೊಬ್ಬರಿಗೆ ಮಾರಬಹುದು. ಬಿಟ್ಟಿ ಬಡ್ತಿಯ ಗುಟ್ಟು ಇದೇ! ಇಡೀ ಹಡಗೇ ಖಾಲಿ ಇದ್ದರೆ ನಿಮ್ಮ ಕೋಣೆಯನ್ನು ತೆರವು ಮಾಡಿಸಿ ಅವರಿಗೇನು ಆಗಬೇಕು? ಹಾಗಾಗಿ ಖಾಲಿ ಹಡಗಿನಲ್ಲಿ ಬಿಟ್ಟಿ ಕೋಣೆ ಸಿಗುವುದಕ್ಕಿಂತ, ಸ್ವಲ್ಪ ಹಣಕ್ಕೆ ಒಳ್ಳೆಯ ಕೋಣೆ ಸಿಗುವ ಸಂಭವ ಹೆಚ್ಚು. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನವಳು ದರ ಇಳಿಸುತ್ತಾಳೆ, ಬುಟ್ಟಿಯನ್ನೇ ಎತ್ತಿಕೊಡುವುದಿಲ್ಲ ನೋಡಿ, ಹಾಗೆ.

ಹಡಗು ಅರ್ಧ ಖಾಲಿ ಇದ್ದಾಗಲೂ ಕೋಣೆಗಳೆಲ್ಲ ಹಂಚಲು ಸಿಗುತ್ತವೆ ಎಂದೇನಿಲ್ಲ. ಕೊರೋನಾ ಕಾಲ ನೆನಪಿದೆಯಲ್ಲ? 2020ರ ಮಾರ್ಚಿನಲ್ಲಿ ನಿಂತ ವಿಹಾರ ಹಡಗುಗಳು ಸಿಂಗಪುರದಲ್ಲಿ ಅದೇ ನವೆಂಬರಿನಲ್ಲಿ ಮತ್ತೆ ಹೊರಟವು. ಡಿಸೆಂಬರಿನಲ್ಲಿ ಹೊರಟ 'ಕ್ವಾಂಟಮ್ ಆಫ್ ದ ಸೀಸ್' ಹಡಗಿಗೆ ಅರ್ಧದಷ್ಟು ಜನರನ್ನು ಮಾತ್ರ ಹತ್ತಿಸುವ ನಿಯಮವಿತ್ತು. 2021ರ ಜೂನ್ 26ರಂದು ಅಮೆರಿಕದ ಫೋರ್ಟ್ ಲಾಡರ್‌ಡೇಲ್ ಬಂದರಿನಿಂದ 'ಸೆಲೆಬ್ರಿಟಿ ಎಡ್ಜ್' ಹಡಗು ನೂರಕ್ಕೆ ನಲವತ್ತರಷ್ಟು ಪ್ರಯಾಣಿಕರೊಡನೆ ಹೊರಟಿತು. ಅದರ ಕ್ಯಾಪ್ಟನ್ ಒಬ್ಬ ಮಹಿಳೆ, ಕೇಟ್ ಮೆಕ್ಯೂ! ಆ ದಿನಗಳಲ್ಲಿ ಕಾಯಿಲೆ ಬಂದವರನ್ನು ಪ್ರತ್ಯೇಕವಾಗಿ ಇರಿಸಲೆಂದೇ ಹಡಗುಗಳಲ್ಲಿ ಒಂದಷ್ಟು ಕೋಣೆಗಳನ್ನು ಮೀಸಲಿಟ್ಟಿದ್ದರು.

ಜನ ಕಡಿಮೆ ಇರುವುದು ಯಾವಾಗ?

ಶಾಲೆಗಳ ರಜೆ, ಕ್ರಿಸ್‌ಮಸ್, ಹೊಸವರ್ಷದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ರಜೆ ಮುಗಿದು ಮಕ್ಕಳು ಶಾಲೆಗೆ ಹೋದ ನಂತರದ ವಾರಗಳು ಒಳ್ಳೆಯವು. ಬೇಸಿಗೆಯಲ್ಲಿ ಅಲಾಸ್ಕಾ, ಮೆಡಿಟರೇನಿಯನ್ ಕಡೆ ಇರುವ ಹಡಗುಗಳು ಚಳಿಗಾಲಕ್ಕೆ ಕೆರಿಬಿಯನ್, ಏಷ್ಯಾ ಕಡೆಗೆ ಬರುತ್ತವೆ. ವಸಂತದಲ್ಲಿ ಮತ್ತೆ ವಾಪಸು. ಹೀಗೆ ಜಾಗ ಬದಲಿಸುವ ಯಾನಗಳಲ್ಲಿ ದಿನ ಹೆಚ್ಚು, ನಡುವೆ ಇಳಿಯುವ ಊರು ಕಡಿಮೆ. ದರವೂ ಅನೇಕ ಸಲ ಕಡಿಮೆಯೇ ಇರುತ್ತದೆ. ವಿದೇಶದಲ್ಲಿ ಮಕ್ಕಳ ಮನೆಗೆ ಹೋದ ತಂದೆತಾಯಿಗೆ ಬಿಡುವಿದ್ದರೆ ಇದನ್ನು ವಿಚಾರಿಸಬಹುದು.

ಹೊರಡುವ ದಿನ ಹತ್ತಿರವಾದಾಗ, ಹೊಸದಾಗಿ ಟಿಕೆಟ್ ಮಾಡಿಸುವವರಂತೆ ಮೊಬೈಲಿನಲ್ಲಿ ಅದೇ ಹಡಗು, ಅದೇ ತಾರೀಖು ಹಾಕಿ ನೋಡಿ. ಬಾಲ್ಕನಿ ಕೋಣೆಗಳು ಇನ್ನೂ ಧಾರಾಳವಾಗಿ ಕಂಡರೆ ಚೌಕಾಸಿಗೆ ಜಾಗ ಇದೆ ಎಂದರ್ಥ. ಕಂಡದ್ದೆಲ್ಲ ಖಾಲಿ ಎಂದೂ ತಿಳಿಯಬೇಡಿ. ಟಿಕೆಟ್ ಆಗಿ ಇನ್ನೂ ಕೋಣೆಯ ನಂಬರ್ ಸಿಗದವರು ಇರುತ್ತಾರೆ.

ಕೇಳುವುದು ಹೇಗೆ?

ಅಳದಿದ್ದರೆ ತಾಯಿಯೂ ಹಾಲು ಕೊಡಳು. ಸಂತೆಯಲ್ಲಿ ಎರಡು ರೂಪಾಯಿಗೆ ವಾದ ಮಾಡುವ ನಾವು ಇಂಥ ಕಡೆ ಬಾಯಿ ಕಟ್ಟಿಕೊಂಡು ನಿಲ್ಲುತ್ತೇವೆ. "ಸುಮ್ನಿರೇ, ಏನಂದ್ಕೋತಾರೋ" ಎಂದು ಯಜಮಾನರು ಕಣ್ಣು ಬಿಡುವುದೂ ಉಂಟು. ಮರ್ಯಾದೆಯಿಂದ ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಅನೇಕ ದೊಡ್ಡ ಕಂಪೆನಿಗಳಲ್ಲಿ ಹೊರಡುವುದಕ್ಕೆ ಸುಮಾರು ಎರಡೂವರೆ, ಮೂರು ತಿಂಗಳ ಮೊದಲೇ ಪೂರ್ತಿ ಹಣ ಕಟ್ಟಬೇಕು. ಮನಸ್ಸು ಅಲುಗಾಡುತ್ತಿರುವವರು ದಂಡ ತಪ್ಪಿಸಿಕೊಳ್ಳಲು ಅಷ್ಟರೊಳಗೆ ರದ್ದು ಮಾಡುತ್ತಾರೆ. ಎಷ್ಟು ಕೋಣೆ ಉಳಿದಿದೆ ಎಂದು ಕಂಪೆನಿಗೆ ಸರಿಯಾಗಿ ತಿಳಿಯುವುದು ಆಮೇಲೆ. ಆದ್ದರಿಂದ ಟಿಕೆಟ್ ಮಾಡಿಸುವ ದಿನವೇ ಏಜೆಂಟರನ್ನು ಕೇಳಿಡಿ: "ಕೊನೇ ಹಣ ಕಟ್ಟೋ ದಿನ ಯಾವತ್ತು? ಅದಕ್ಕೆ ಮೊದಲು ದರ ಇಳಿದ್ರೆ ನಮಗೂ ಇಳಿಸ್ತೀರಾ? ಆಮೇಲೆ ಬಾಲ್ಕನಿಗೆ ಕಡಿಮೆ ದರ ಬಂದ್ರೆ ಫೋನ್ ಮಾಡ್ತೀರಾ?" ಈ ಮೂರು ಪ್ರಶ್ನೆ ಸಾಕು.

ಗ್ಯಾರಂಟಿ ಟಿಕೆಟ್ ಎಂಬುದೊಂದಿದೆ. ಇದರಲ್ಲಿ ದರ್ಜೆ ನಿಮ್ಮದು, ನಂಬರ್ ಆರಿಸುವುದು ಕಂಪೆನಿ. ಕೊಂಡ ದರ್ಜೆಗಿಂತ ಕೆಳಗಿನದು ಕೊಡುವುದಿಲ್ಲ, ಮೇಲಿನದು ಸಿಕ್ಕರೂ ಸಿಗಬಹುದು. ಆದರೆ ಕೋಣೆ ಹಡಗಿನ ಮೂಲೆಯಲ್ಲಿದ್ದರೂ ಒಪ್ಪಿಕೊಳ್ಳಬೇಕು.

ಹಡಗು ಹತ್ತಿದ ದಿನ ಸ್ವಾಗತದ ಕೌಂಟರಿನಲ್ಲೂ ವಿಚಾರಿಸಬಹುದು. ಕೆಲವು ಕಡೆ ಉಳಿದ ಕೋಣೆಯನ್ನು ಅಲ್ಲೇ ಕಡಿಮೆ ದರಕ್ಕೆ ಕೊಡುತ್ತಾರೆ. ಆದರೆ ಈಗ ಬಹುಪಾಲು ಹಂಚಿಕೆ ದಡದ ಕಚೇರಿಯಲ್ಲೇ ಮುಗಿದಿರುತ್ತದೆ. ಬೆಳ್ಳಿಹಬ್ಬದ ಜೋಡಿ ಎಂದು ಹೇಳಿಕೊಂಡರೆ ಕೇಕ್ ಕೊಟ್ಟಾರು, ಕೋಣೆ ಕೊಡುವುದು ಅಪರೂಪ.

ಹರಾಜಿನ ಲೆಕ್ಕ

ಇತ್ತೀಚೆಗೆ ಹಲವು ಕಂಪೆನಿಗಳು ಅಪ್‌ಗ್ರೇಡನ್ನು ಹರಾಜಿಗೆ ಇಡುತ್ತವೆ. ರಾಯಲ್ ಕೆರಿಬಿಯನ್ನಿನ 'ರಾಯಲ್‌ಅಪ್', ನಾರ್ವೀಜಿಯನ್ ಕಂಪೆನಿಯ 'ಅಪ್‌ಗ್ರೇಡ್ ಅಡ್ವಾಂಟೇಜ್' ಇಂಥವು. ನಿಮಗೆ ಈ-ಮೇಲ್ ಬರುತ್ತದೆ. ಬಾಲ್ಕನಿಗೆ ಇಷ್ಟು ಹೆಚ್ಚಿಗೆ ಕೊಡುತ್ತೇವೆ ಎಂದು ನೀವು ಕೂಗಬೇಕು. ಒಪ್ಪಿದರೆ ಕಾರ್ಡಿನಿಂದ ಹಣ ಹೋಗುತ್ತದೆ, ಒಪ್ಪದಿದ್ದರೆ ಇಲ್ಲ. ಹಡಗಿನಲ್ಲಿ ಜನ ಕಡಿಮೆ ಇದ್ದರೆ ಎದುರಾಳಿಗಳೂ ಕಡಿಮೆ; ಕನಿಷ್ಠ ಮೊತ್ತಕ್ಕೇ ಕೋಣೆ ಒಲಿಯಬಹುದು.

ಇಲ್ಲೇ ಎಚ್ಚರ ಬೇಕು. ತೋರಿಸುವ ಮೊತ್ತ ಸಾಮಾನ್ಯವಾಗಿ ತಲೆಗೆ ಇಷ್ಟು ಎಂದು. ಎಂಟು ಸಾವಿರ ಎಂದು ಒತ್ತಿದರೆ ಇಬ್ಬರಿಗೆ 16,000 ರೂಪಾಯಿ. ನಾಲ್ಕು ರಾತ್ರಿಯ ಪ್ರವಾಸವಾದರೆ ರಾತ್ರಿಗೆ 4,000 ಬಿತ್ತು. ಒಬ್ಬರೇ ಹೊರಟಿದ್ದರೂ ಇಬ್ಬರ ಹಣ ಹಿಡಿಯುವ ಕಡೆಗಳಿವೆ. ಕೂಗುವ ಮೊದಲು ಇವತ್ತಿನ ಬಾಲ್ಕನಿ ದರಕ್ಕೂ ನೀವು ಕೊಟ್ಟ ದರಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಿ. ಇಬ್ಬರಿಗೆ ಸೇರಿ ವ್ಯತ್ಯಾಸ ಹನ್ನೆರಡು ಸಾವಿರವೇ ಆದರೆ ಹದಿನಾರು ಸಾವಿರ ಕೂಗುವುದು ಯಾವ ಜಾಣತನ? ಕಂಪೆನಿ ಒಪ್ಪುವವರೆಗೆ ಕೂಗನ್ನು ಬದಲಿಸಬಹುದು, ಹಿಂದಕ್ಕೂ ಪಡೆಯಬಹುದು. ಒಪ್ಪಿದ ಮೇಲೆ ಹಣ ವಾಪಸಿಲ್ಲ. ಮನೆಯವರೆಲ್ಲ ಕೂತು ಮಾತಾಡಿಕೊಳ್ಳದೆ ಗುಂಡಿ ಒತ್ತಬೇಡಿ.

ಬೇಡ ಎನ್ನುವುದೂ ಜಾಣತನ

ಮೇಲಿನ ದರ್ಜೆಯೆಂದರೆ ಎಲ್ಲರಿಗೂ ಮೇಲು ಎಂದಲ್ಲ. ಹಡಗು ಕಡಿಮೆ ತೂಗುವುದು ನಡುಭಾಗದ, ಕೆಳ ಅಂತಸ್ತಿನ ಕೋಣೆಗಳಲ್ಲಿ. ಬಾಲ್ಕನಿ ಸಿಕ್ಕಿತೆಂದು ಮೇಲೆ, ಅದೂ ಹಡಗಿನ ಮೂತಿಯ ಕಡೆಗೆ ಹೋದರೆ ತೂಗಾಟ ಜಾಸ್ತಿ. ಬಸ್ಸಿನಲ್ಲಿ ಘಾಟಿ ಹತ್ತುವಾಗಲೇ ನಿಂಬೆಹಣ್ಣು ಮೂಸುವ ಅತ್ತೆಯವರನ್ನು ಅಲ್ಲಿ ಮಲಗಿಸಿದರೆ ಪಾಪ, ನಾಲ್ಕು ದಿನವೂ ಅವರು ತಲೆ ಎತ್ತಲಿಕ್ಕಿಲ್ಲ. ಮಂಡಿನೋವಿನವರಿಗೆ ಲಿಫ್ಟಿನ ಹತ್ತಿರದ ಇನ್‌ಸೈಡ್ ಕೋಣೆಯೇ ಸುಖ, ಉದ್ದ ಕಾರಿಡಾರಿನ ತುದಿಯ ಬಾಲ್ಕನಿ ಅಲ್ಲ. ಅಡ್ಡಾಡುವ ಪುಟ್ಟ ಮಗುವಿದ್ದರೆ ಬಾಲ್ಕನಿ ಬಾಗಿಲಿನ ಚಿಲಕದ ಮೇಲೇ ನಿಮ್ಮ ಕಣ್ಣು. ಎರಡು ಕೋಣೆ ಅಕ್ಕಪಕ್ಕ ಹಿಡಿದವರಲ್ಲಿ ಒಬ್ಬರಿಗೆ ಮಾತ್ರ ಬಡ್ತಿಯಾಗಿ ಸಂಸಾರ ಬೇರೆ ಬೇರೆ ಅಂತಸ್ತಿಗೆ ಹೋದರೆ ರಾತ್ರಿಯೆಲ್ಲ ಓಡಾಟ.

ಹೀಗಾಗಬಾರದು ಎನ್ನುವವರು ನಂಬರ್ ನೋಡಿ ಕೋಣೆ ಆರಿಸಿ, "ನಮ್ಮನ್ನು ಕೇಳದೆ ಬದಲಾಯಿಸಬೇಡಿ, ಹಾಗೆಂದು ಟಿಕೆಟಿನಲ್ಲಿ ಬರೆಸಿ" ಎಂದು ಏಜೆಂಟರಿಗೆ ಹೇಳಬೇಕು. ಕಂಪೆನಿಗಳು ಹಡಗಿನ ನಕ್ಷೆಯನ್ನು ಪ್ರಕಟಿಸುತ್ತವೆ. ಕೋಣೆಯ ನೆತ್ತಿಯ ಮೇಲೆ ಈಜುಕೊಳ, ಕಾಲಡಿಯಲ್ಲಿ ನಾಟಕಶಾಲೆ ಇಲ್ಲವೆಂದು ಅದರಲ್ಲಿ ನೋಡಿಕೊಳ್ಳಿ. ಹಡಗು ಕಟ್ಟಿದ ವರ್ಷವನ್ನೂ ಕೇಳಿ. 'ಎಂಪ್ರೆಸ್' 1990ರಲ್ಲಿ ಕಟ್ಟಿದ್ದು. ಅಷ್ಟು ಹಿಂದಿನ ಹಡಗುಗಳಲ್ಲಿ ಬಾಲ್ಕನಿಗಳೇ ಕಡಿಮೆ. ಕಿಟಕಿಯ ಕೋಣೆ ಸಿಕ್ಕರೂ ಅದೇ ದೊಡ್ಡ ಬಡ್ತಿ.

ಇನ್ನೊಂದು ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. ಬಡ್ತಿ ಸಿಗುತ್ತದೆಂಬ ಭರವಸೆಯ ಮೇಲೆ ನಿಮಗೆ ಆಗದ ಕೋಣೆಯನ್ನು ಕೊಳ್ಳಬೇಡಿ. ಕಿಟಕಿ ಇಲ್ಲದಿದ್ದರೆ ಉಸಿರು ಕಟ್ಟಿದಂತಾಗುತ್ತದೆ ಎನ್ನುವವರು ಮೊದಲೇ ನಾಲ್ಕು ಕಾಸು ಹೆಚ್ಚು ಕೊಟ್ಟು ಕಿಟಕಿಯದನ್ನೇ ಹಿಡಿಯಲಿ. ಕೋಣೆ ಮಲಗಲಿಕ್ಕೆ ಮಾತ್ರ ಎನ್ನುವವರು ಇನ್‌ಸೈಡ್ ಹಿಡಿದು, ಉಳಿದ ಹಣದಲ್ಲಿ ದಡದ ಊರು ನೋಡಲಿ. ಬೆಳಗಿನ ಜಾವ ಒಂದು ಶಾಲು ಹೊದ್ದು ಮೇಲಿನ ಡೆಕ್ಕಿಗೆ ಬಂದರೆ, ಸಮುದ್ರದಲ್ಲಿ ಸೂರ್ಯ ಹುಟ್ಟುವುದನ್ನು ನೋಡಲು ಸೂಟಿನವರಿಗೂ ನಿಮಗೂ ಒಂದೇ ಕಟಕಟೆ.

ನೆನಪಿಡಿ

* ಸಿಕ್ಕದ್ದರಲ್ಲೇ ಸಂತೋಷವಾಗಿ ಇರಬಹುದಾದ ಕೋಣೆಯನ್ನೇ ಹಿಡಿಯಿರಿ.
* ಕೊನೆಯ ಹಣ ಕಟ್ಟುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ದರ ನೋಡಿ.
* ಹರಾಜಿನ ಮೊತ್ತ ತಲೆಗೋ, ಕೋಣೆಗೋ? ಕೇಳಿ ತಿಳಿಯಿರಿ.
* ಮೂವರು, ನಾಲ್ವರಿದ್ದರೆ ಹೊಸ ಕೋಣೆಯಲ್ಲಿ ಅಷ್ಟು ಹಾಸಿಗೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.
* ಹಿರಿಯರು, ಮಕ್ಕಳು ಜೊತೆಗಿದ್ದರೆ ದರ್ಜೆಗಿಂತ ಕೋಣೆ ಇರುವ ಜಾಗ ಮುಖ್ಯ.