ಲಿನಕ್ಸ್ ಹಾಕಿದರೆ ಟ್ಯಾಲಿ ಗತಿ ಏನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಸವಣೂರಿನ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಅದಕ್ಕೆ ಸಿಗದು. ಹೊಸದು ಕೊಡಿಸು ಎಂದು ಅಬ್ಬಾಗೆ ಕೇಳುವ ಕಾಲವಲ್ಲ ಇದು.

ಲಿನಕ್ಸ್ ಮಿಂಟ್ ಉಚಿತ. ಮೊದಲು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ವೈಫೈ, ಧ್ವನಿ ಪರೀಕ್ಷಿಸಿದೆ. ಕನ್ನಡವೂ ಅಮ್ಮಿಯ ಉರ್ದುವೂ ಟೈಪಾಗುತ್ತವೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಕಂಪ್ಯೂಟರ್ ಪಾಠ ಲಿನಕ್ಸ್‌ನಲ್ಲೇ.

ಆದರೆ ವಾಣಿಜ್ಯದವರಿಗೆ ತೊಡಕು ಟ್ಯಾಲಿಪ್ರೈಮ್: ಅದು ವಿಂಡೋಸ್‌ಗಾಗಿ ಮಾಡಿದ್ದು. ಅದಕ್ಕೇ ವಿಂಡೋಸ್ ಅಳಿಸದೆ ಪಕ್ಕದಲ್ಲೇ ಮಿಂಟ್ ಹಾಕಿದೆ. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುತ್ತದೆ. ಟ್ಯಾಲಿಗಷ್ಟೇ ವಿಂಡೋಸ್, ಅದೂ ನೆಟ್ ಇಲ್ಲದೆ. ನೀವು ಮಾಡುವುದಾದರೆ ಡಿಸ್ಕ್ ಭಾಗ ಮಾಡುವ ಮೊದಲು ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಡಿ. ಎಲ್ಲ ಅಳಿಸಿಹೋಗುವ ಅಪಾಯ ಅಲ್ಲೇ ಇರುವುದು.