ಗಡಂಗಿನಿಂದ ಮೆಹಂದಿ ಪಾರ್ಟಿಗೆ: ಹದಿಹರೆಯದ ಕುಡಿತ ಮತ್ತು ನಾವು

ಸುಳ್ಯದಿಂದ ಜಾಲ್ಸೂರು ದಾಟಿ ಕಾಸರಗೋಡು ಬಸ್ಸಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕೇರಳ ಬರುತ್ತದೆ. ಗಡಿಯ ಈಚೆ ಮದ್ಯ ಕೊಳ್ಳಲು 21 ವರ್ಷ ಆಗಿರಬೇಕು. ಆಚೆ 2017ರಿಂದ 23. ಗೋವಾಕ್ಕೆ ಹೋದರೆ 18 ಸಾಕು. ಸಮಾಜಶಾಸ್ತ್ರದ ತರಗತಿಯಲ್ಲಿ ಈ ಮೂರು ಸಂಖ್ಯೆಗಳನ್ನು ಬೋರ್ಡಿನಲ್ಲಿ ಬರೆದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ್, ಹಾಗಾದರೆ ಸರಿಯಾದ ಪ್ರಾಯ ಯಾವುದು?" ಪ್ರಶ್ನೆ ತಮಾಷೆಗೆ ಬಂದದ್ದಾದರೂ ಉತ್ತರ ಅಷ್ಟು ಸುಲಭವಲ್ಲ.

ನಮ್ಮ ರಾಜ್ಯದಲ್ಲೇ ಈ ಗೊಂದಲವಿದೆ. 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, ಅದರಡಿ 1967ರಲ್ಲಿ ಬಂದ ಸನ್ನದು ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ಸರಕಾರ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಡಿಸಿ ಆಕ್ಷೇಪಣೆ ಕರೆಯಿತು. ಆಕ್ಷೇಪಣೆಗಳೇನೋ ಬಂದವು, ಎಷ್ಟೆಂದರೆ ಕೆಲವೇ ದಿನಗಳಲ್ಲಿ ಕರಡನ್ನೇ ಹಿಂದಕ್ಕೆ ಪಡೆಯಬೇಕಾಯಿತು. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೆಂಬುದೇ ಇಲ್ಲ ಎಂದು ಹೇಳಿತ್ತು. ಜನ ವಿರೋಧಿಸಿದ್ದು ಆ ಹೇಳಿಕೆ ಓದಿ ಅಲ್ಲ. ತಮ್ಮ ಮನೆಯ ಹದಿನೆಂಟರ ಮಗನನ್ನು ಕಣ್ಣೆದುರು ತಂದುಕೊಂಡು ಎಂಬುದು ನನ್ನ ಊಹೆ.

ಪುತ್ತೂರು, ಸುಳ್ಯ, ಕಡಬದಲ್ಲಿ ಕುಡಿತ ಹೊಸತೇನಲ್ಲ. ತಾಳೆ, ತೆಂಗು, ಬೈನೆ ಮರದ ಕಳ್ಳು, ಗೇರುಹಣ್ಣಿನ ಕಾಲದಲ್ಲಿ ಕಾಡಿನ ಮರೆಯಲ್ಲಿ ಬೇಯುತ್ತಿದ್ದ ಕಳ್ಳಬಟ್ಟಿ, ಊರಿಗೊಂದು ಗಡಂಗು. ಕೊರಗಜ್ಜನಿಗೆ ಇಂದಿಗೂ ಕಳ್ಳು, ಚಕ್ಕುಲಿ, ವೀಳ್ಯ ಒಪ್ಪಿಸುತ್ತಾರೆ. ಸಂಪಾಜೆ ಘಾಟಿ ಹತ್ತಿ ಕೊಡಗಿಗೆ ಹೋದರೆ ಕೊಡವರು ಗತಿಸಿದ ಹಿರಿಯರಿಗೆ ಅನ್ನದ ಜತೆ ಮದ್ಯವನ್ನೂ ಮೀಸಲಿಡುತ್ತಾರೆ. ಆದ್ದರಿಂದ ಕುಡಿಯುವ ಸಂಸ್ಕೃತಿ, ಕುಡಿಯದ ಸಂಸ್ಕೃತಿ ಎಂದು ಎರಡೇ ಕಪಾಟು ಮಾಡಿ ಜನರನ್ನು ಒಳಗೆ ಹಾಕುವುದು ಸರಿಯಲ್ಲ. ಕುಡಿಯುವಲ್ಲೂ ಯಾರು, ಎಲ್ಲಿ, ಯಾವಾಗ ಎಂಬ ಬೇಲಿ ಇತ್ತು. ಶಾಲೆಯ ಹುಡುಗ ಗಡಂಗಿನ ಹತ್ತಿರ ಸುಳಿದರೆ ಮೊದಲು ಗದರಿಸುತ್ತಿದ್ದವರು ಒಳಗೆ ಕೂತು ಕುಡಿಯುತ್ತಿದ್ದವರೇ ಎಂದು ನಮ್ಮ ಊರಿನ ಹಿರಿಯರು ಹೇಳುವುದನ್ನು ಕೇಳಿದ್ದೇನೆ.

ಬೇಲಿಯನ್ನು ಇನ್ನಷ್ಟು ಬಿಗಿಮಾಡಲು ಒಳಗಿನವರೇ ಹೊರಟ ಕಾಲವೂ ಇತ್ತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಮದ್ಯ ತಯಾರಿಸಬಾರದು, ಮಾರಬಾರದು, ಕುಡಿಯಬಾರದು ಎಂದು ಬೋಧಿಸಿದರು. ಕಳ್ಳು ಇಳಿಸುವುದೇ ಕುಲಕಸುಬಾಗಿದ್ದವರಿಗೆ ಅವರದೇ ಗುರು ಹೇಳಿದ ಮಾತಿದು. ಆ ಮಾತು ಹೊಟ್ಟೆಪಾಡಿಗೆ ತಾಗುವಂಥದ್ದು, ಅಷ್ಟಾದರೂ ಕೇಳಿದವರಿದ್ದರು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1937ರಲ್ಲಿ ರಾಜಾಜಿಯವರು ಸೇಲಂನಲ್ಲಿ ಶುರುಮಾಡಿದ ಪಾನನಿಷೇಧ 1948ರ ಹೊತ್ತಿಗೆ ಪ್ರಾಂತ್ಯವಿಡೀ ಹರಡಿತು. ಮುಂದೆ ನಿಷೇಧ ಹೋಯಿತು, ಸಾರಾಯಿ ಬಂತು, 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು.

ಇಲ್ಲಿಂದ ಮುಂದಿನದ್ದೇ ನನ್ನನ್ನು ಯೋಚಿಸುವಂತೆ ಮಾಡಿದ್ದು. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮ ಕಳ್ಳು ಕುಡಿಯುತ್ತಾನೆ. ಅದು ದಣಿದವನ, ಸಾಲದಲ್ಲಿ ಬಿದ್ದವನ ಕುಡಿತ. ಓದುವವನಿಗೆ ಮರುಕ ಬರುತ್ತದೆಯೇ ಹೊರತು ಆಸೆಯಲ್ಲ. ಇಂದು ಮದ್ಯ ಗಡಂಗಿನ ಬೆಂಚು ಬಿಟ್ಟು ಹುಟ್ಟುಹಬ್ಬಕ್ಕೆ, ಪ್ರವಾಸಕ್ಕೆ, ಮದುವೆಯ ಮುನ್ನಾದಿನದ ಮೆಹಂದಿಗೆ ಬಂದಿದೆ. ಕೈಗೆ ಗೋರಂಟಿ ಹಚ್ಚುವ ಶಾಸ್ತ್ರಕ್ಕೆ ನಮ್ಮ ಜಿಲ್ಲೆಯ ಎಷ್ಟೋ ಕಡೆ ಡಿಜೆ ಮತ್ತು ಬಾಟಲಿ ಸೇರಿ ಹೆಸರಿನ ಅರ್ಥವೇ ಬದಲಾಗಿದೆ. ಅದನ್ನು ನಿಲ್ಲಿಸಿ ಎಂದು ಆಯಾ ಸಮುದಾಯದ ಹಿರಿಯರೇ ಹೇಳುತ್ತಿದ್ದಾರೆ. ಅಲ್ಲಿ ಹುಡುಗನನ್ನು ಗದರಿಸುವವರಿಲ್ಲ, "ಒಂದು ಗ್ಲಾಸ್, ಏನಾಗುವುದಿಲ್ಲ" ಎನ್ನುವ ಮಾವಂದಿರಿದ್ದಾರೆ. ಆ ಮಾವನಿಗೊಂದು ಮಾಹಿತಿ: 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ, ವೈದ್ಯರು ಹೇಳದೆ 18ರೊಳಗಿನವರಿಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಅಂಗಡಿಯವನಿಗೆ ಮಾತ್ರ ಅನ್ವಯಿಸುವ ಕಾನೂನಲ್ಲ ಅದು.

ಹೊರಗಿನ ಲೋಕದಲ್ಲಿ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿಲ್ಲ. ಫ್ರಾನ್ಸಿನಲ್ಲಿ 1956ರವರೆಗೂ ಶಾಲಾ ಕ್ಯಾಂಟೀನಿನಲ್ಲಿ ಸಣ್ಣ ಮಕ್ಕಳಿಗೂ ವೈನ್ ಸಿಗುತ್ತಿತ್ತು ಎಂದರೆ ನಂಬುತ್ತೀರಾ? ಆ ವರ್ಷ 14ರ ಕೆಳಗಿನವರಿಗೆ ನಿಲ್ಲಿಸಿದರು. ಜರ್ಮನಿಯಲ್ಲಿ 16ಕ್ಕೇ ಬಿಯರ್ ಕೊಳ್ಳಬಹುದು. ಅಮೆರಿಕ 1984ರ ಕಾನೂನಿನಿಂದ 21ಕ್ಕೆ ಏರಿಸಿತು. ಜಪಾನ್ 2022ರಲ್ಲಿ ಪ್ರಾಯಪ್ರಬುದ್ಧತೆಯನ್ನು 20ರಿಂದ 18ಕ್ಕೆ ಇಳಿಸಿದರೂ ಮದ್ಯದ ಪ್ರಾಯವನ್ನು ಮಾತ್ರ 20ರಲ್ಲೇ ಉಳಿಸಿಕೊಂಡಿತು.

ನನಗೆ ಹೆಚ್ಚು ಹಿಡಿಸಿದ್ದು ಐಸ್‌ಲ್ಯಾಂಡಿನ ಕತೆ. 1998ರಲ್ಲಿ ಅಲ್ಲಿನ 15-16ರ ಮಕ್ಕಳಲ್ಲಿ ಶೇ. 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದ್ದೆವು ಎಂದು ಹೇಳಿದ್ದರು. 2016ಕ್ಕೆ ಅದು ಶೇ. 5ಕ್ಕೆ ಇಳಿಯಿತು. ಬರೀ ಭಾಷಣದಿಂದ ಆದದ್ದಲ್ಲ. ಪ್ರತಿ ವರ್ಷ ಶಾಲೆಗಳಲ್ಲಿ ಹೆಸರು ಕೇಳದೆ ಸಮೀಕ್ಷೆ ಮಾಡಿ ಆಯಾ ಊರಿನ ಲೆಕ್ಕವನ್ನು ಆಯಾ ಊರಿಗೇ ಕೊಟ್ಟರು. ಆಟ, ಸಂಗೀತದ ತರಬೇತಿಗೆ ಸರಕಾರ ಹಣ ಕೊಟ್ಟಿತು. ಮಕ್ಕಳು ರಾತ್ರಿ ಹೊರಗಿರುವುದಕ್ಕೆ ಸಮಯ ಮಿತಿಯಾಯಿತು. ತಂದೆತಾಯಿಯರು ಒಟ್ಟುಸೇರಿ ಒಪ್ಪಂದಕ್ಕೆ ಸಹಿ ಹಾಕಿದರು, ಸಂಜೆ ಸರದಿಯಲ್ಲಿ ಬೀದಿ ಸುತ್ತಿದರು. ಎಂದರೆ ದೊಡ್ಡವರು ತಮ್ಮ ಸಂಜೆಗಳನ್ನು ಕೊಟ್ಟರು. ನಮ್ಮಲ್ಲಿ ಆಟದ ಮೈದಾನಕ್ಕಿಂತ ಬಾರ್ ಹತ್ತಿರವಿರುವ ಪೇಟೆಗಳನ್ನು ನೆನೆದರೆ ಹೋಲಿಕೆ ಬೇಡವೆನಿಸುತ್ತದೆ.

"ನಮ್ಮ ಮನೆಯಲ್ಲಿ ಹರಾಮ್, ನಮಗೇಕೆ ಈ ಲೇಖನ?" ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ಆ ನಿಷೇಧ ಅನೇಕ ಮನೆಗಳನ್ನು ಕಾಪಾಡಿದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕುರ್‌ಆನಿನಲ್ಲೂ ನಿಷೇಧ ಒಂದೇ ದಿನಕ್ಕೆ ಬಂದದ್ದಲ್ಲ: ಮೊದಲು ಲಾಭಕ್ಕಿಂತ ಕೇಡು ದೊಡ್ಡದೆಂಬ ಮಾತು, ಬಳಿಕ ಅಮಲಿನಲ್ಲಿ ನಮಾಝಿಗೆ ಬರಬೇಡಿ ಎಂಬ ಆಜ್ಞೆ, ಕೊನೆಗೆ ಪೂರ್ಣ ನಿಷೇಧ. ಕುಡಿತ ರೂಢಿಯಾಗಿದ್ದ ಜನರಿಗೆ ಬಿಡಲು ಸಮಯ ಸಿಕ್ಕಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಬಳಿ ಬಂದು ಈ ವಿಷಯ ಬಾಯಿಬಿಟ್ಟ ಹುಡುಗರು ಮೂವರು. ಮೂವರೂ ಬೇರೆ ಬೇರೆ ಸಮುದಾಯದವರು. ಮೂವರೂ ಹೇಳಿದ್ದು ಒಂದೇ, "ಮನೆಯಲ್ಲಿ ಗೊತ್ತಾದರೆ ಮುಗಿಯಿತು, ಸರ್." ಅವರಲ್ಲೊಬ್ಬ ಒಂದು ವರ್ಷ ಒಬ್ಬನೇ ಒದ್ದಾಡಿದ್ದ. ಕುಡಿಯಬಾರದೆಂಬ ಕಟ್ಟುನಿಟ್ಟು ಎಲ್ಲಿ ಹೆಚ್ಚೋ ಅಲ್ಲಿ ಜಾರಿದವನ ಗುಟ್ಟೂ ಅಷ್ಟೇ ಆಳ. ಕುಡಿತ ಮಾಮೂಲಾಗಿರುವ ಮನೆಯಲ್ಲೋ, ಹುಡುಗ ಜಾರಿದ್ದೇ ಯಾರಿಗೂ ಕಾಣುವುದಿಲ್ಲ. ಎರಡರಲ್ಲೂ ಅವನು ಒಂಟಿ.

ಅಂಥವರಿದ್ದರೆ, ಅಥವಾ ಅಂಥ ಗೆಳೆಯನಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನಿಗಿಂತ ಮುಖ ನೋಡಿ ಮಾತಾಡುವುದು ಹಗುರವೆನಿಸಿದರೆ, ಊಟದ ಬಿಡುವಿನಲ್ಲಿ ನಾನು ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜಿನಲ್ಲಿರುತ್ತೇನೆ.